ದೊಡ್ಡ ಕೋಳಿಗಳ ಜೊತೆ ಬ್ಯಾಂಟಮ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿತ್ತಲಲ್ಲಿ ಈಗಾಗಲೇ ದೊಡ್ಡ ತಳಿಯ ಕೋಳಿಗಳಿದ್ದು, ಅವುಗಳ ಜೊತೆ ಬ್ಯಾಂಟಮ್ (ಪುಟ್ಟ ಗಾತ್ರದ ಕೋಳಿ) ಸೇರಿಸಬೇಕೆನ್ನುವವರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮಲ್ಲಿ ಆರು ರೋಡ್ ಐಲೆಂಡ್ ರೆಡ್ ಹೇಂಟೆಗಳಿವೆ, ಹುಂಜ ಇಲ್ಲ. ಮೂರು ಪೆಕಿನ್ ಬ್ಯಾಂಟಮ್ ತರುವ ಯೋಚನೆ ಇದೆ. ಒಂದೇ ಗೂಡಿನಲ್ಲಿ ಬಿಟ್ಟರೆ ದೊಡ್ಡವು ಚಿಕ್ಕವನ್ನು ಕೊಂದು ಹಾಕುತ್ತವೆಯೇ?

ಉತ್ತರ: ಹುಂಜ ಇಲ್ಲ ಎಂದಿದ್ದೀರಿ, ಅರ್ಧ ಚಿಂತೆ ಅಲ್ಲಿಗೇ ಕಳೆಯಿತು. ಹೇಂಟೆಗಳಷ್ಟೇ ಇರುವ ಹಿಂಡಿನಲ್ಲಿ ಗಾತ್ರದ ವ್ಯತ್ಯಾಸ ಜನ ಹೆದರುವಷ್ಟು ತೊಂದರೆ ಕೊಡುವುದಿಲ್ಲ. ರೋಡ್ ಐಲೆಂಡ್ ರೆಡ್ ಹೇಂಟೆ ಸುಮಾರು 3 ಕಿಲೋ ತೂಗಿದರೆ ಪೆಕಿನ್ ತೂಗುವುದು 600ರಿಂದ 700 ಗ್ರಾಂ. ನಾಲ್ಕು ಪಟ್ಟು ಅಂತರ ನಿಜ. ಆದರೆ ಹಿಂಡಿನಲ್ಲಿ ಯಾವುದು ಮೇಲು, ಯಾವುದು ಕೆಳಗು ಎಂಬುದು ತೂಕದ ಮೇಲೆ ನಿಂತಿಲ್ಲ. ವಯಸ್ಸು, ಸ್ವಭಾವ, ಆ ಜಾಗಕ್ಕೆ ಮೊದಲು ಬಂದದ್ದು ಯಾವುದು ಎಂಬುದೇ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಗಟ್ಟಿ ಸ್ವಭಾವದ ಬ್ಯಾಂಟಮ್ ಹೇಂಟೆಯೊಂದು ದೊಡ್ಡ ಓರ್ಪಿಂಗ್ಟನ್‌ಗಳನ್ನು ಮೇವಿನ ತಟ್ಟೆಯಿಂದ ಅಟ್ಟುವುದು ಅಪರೂಪದ ನೋಟವೇನಲ್ಲ.

ತಳಿಯ ಸ್ವಭಾವ ಮಾತ್ರ ನೋಡಲೇಬೇಕು. ಓರ್ಪಿಂಗ್ಟನ್, ಬ್ರಹ್ಮ, ಕೊಚಿನ್ ಸಾಧು ಕೋಳಿಗಳು, ಬ್ಯಾಂಟಮ್‌ಗೆ ಒಳ್ಳೆಯ ಜೊತೆ. ನಿಮ್ಮ ರೋಡ್ ಐಲೆಂಡ್ ರೆಡ್‌ಗಳು ಸ್ವಲ್ಪ ದಬ್ಬಾಳಿಕೆಯವು, ಪೆಕಿನ್ ತೀರಾ ಮೆತ್ತಗಿನವು. ಹೀಗಾಗಿ ನಿಮಗೆ ಜಾಗ ಉಳಿದವರಿಗಿಂತ ಹೆಚ್ಚು ಬೇಕು. ಕಾಳಗದ ತಳಿಗಳ ಜೊತೆ ಬ್ಯಾಂಟಮ್ ಬಿಡುವ ಮಾತೇ ಬೇಡ.

ಜಾಗದ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಬ್ಯಾಂಟಮ್‌ಗೆ ದೊಡ್ಡ ಕೋಳಿಯ ಅರ್ಧ ಜಾಗ ಸಾಕು ಎನ್ನುವುದು ಬರೀ ಬ್ಯಾಂಟಮ್‌ಗಳಿರುವ ಗೂಡಿಗೆ ಸರಿ. ಮಿಶ್ರ ಹಿಂಡಿನಲ್ಲಿ ಅಟ್ಟಿಸಿಕೊಂಡ ಕೋಳಿಗೆ ತಪ್ಪಿಸಿಕೊಂಡು ದೂರ ನಿಲ್ಲಲು ಜಾಗ ಬೇಕು, ಹಾಗಾಗಿ ಬ್ಯಾಂಟಮ್ ಅನ್ನೂ ದೊಡ್ಡ ಕೋಳಿಯೆಂದೇ ಎಣಿಸಿ. ಒಂದಕ್ಕೆ ಗೂಡಿನೊಳಗೆ 4 ಚದರ ಅಡಿ, ಹೊರಗಿನ ಬೇಲಿಯೊಳಗೆ ಕನಿಷ್ಠ 10 ಚದರ ಅಡಿ. ನಿಮ್ಮ ಒಂಬತ್ತು ಕೋಳಿಗೆ ಒಳಗೆ 36, ಹೊರಗೆ 90 ಚದರ ಅಡಿ ಆಗುತ್ತದೆ. ಮೂಲೆಗಳ ಮೇಲೂ ಕಣ್ಣಿಡಿ. ದಾರಿ ಮುಗಿಯುವ ಮೂಲೆಗೆ ಸಿಕ್ಕಿಬಿದ್ದ ಬ್ಯಾಂಟಮ್ ತಲೆ ತಗ್ಗಿಸಿ ಕುಳಿತುಬಿಡುತ್ತದೆ, ದೊಡ್ಡದು ಮೇಲೆ ನಿಂತು ಕುಕ್ಕುತ್ತಲೇ ಇರುತ್ತದೆ. ಗೋಡೆಗೆ ಓರೆಯಾಗಿ ಹಲಗೆ ಒರಗಿಸಿ ಅದರ ಹಿಂದೆ ಎರಡೂ ಕಡೆಯಿಂದ ನುಗ್ಗುವಂತೆ ಸಂದು ಬಿಟ್ಟರೆ ಅಷ್ಟೇ ಸಾಕು.

ಕೊಳ್ಳುವಾಗ ಇನ್ನೊಂದು ವಿಷಯ. ಪೆಕಿನ್, ಸೆಬ್ರೈಟ್, ಜಪಾನಿ ಬ್ಯಾಂಟಮ್‌ಗಳಿಗೆ ದೊಡ್ಡ ರೂಪವೇ ಇಲ್ಲ. ಲೆಗ್‌ಹಾರ್ನ್ ಬ್ಯಾಂಟಮ್, ವಯಾಂಡಾಟ್ ಬ್ಯಾಂಟಮ್ ಮುಂತಾದವು ದೊಡ್ಡ ತಳಿಯನ್ನು ಚಿಕ್ಕದಾಗಿಸಿದವು, ಸ್ವಭಾವವೂ ಬಹುಮಟ್ಟಿಗೆ ದೊಡ್ಡದರದ್ದೇ. ಸೆಬ್ರೈಟ್ ಹುಂಜಕ್ಕೆ ಹೇಂಟೆಯಂಥದೇ ಪುಕ್ಕ ಇರುತ್ತದೆ. ಉದ್ದ ಬಾಲದ ಗರಿ ಕಾಣಲಿಲ್ಲವೆಂದು ಹೇಂಟೆ ಎಂದುಕೊಂಡು ಮನೆಗೆ ತರಬೇಡಿ, ಜುಟ್ಟಿನ ಗಾತ್ರ ನೋಡಿ.

ಪ್ರಶ್ನೆ: ಹೊಸ ಬ್ಯಾಂಟಮ್‌ಗಳನ್ನು ರಾತ್ರಿ ಕತ್ತಲಲ್ಲಿ ಗೂಡಿಗೆ ಸೇರಿಸಿದರೆ ಬೆಳಿಗ್ಗೆ ಹಳೆಯವಕ್ಕೆ ಗೊತ್ತೇ ಆಗುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ, ಅಪಾಯವೂ ಹೌದು. ಕೋಳಿಗಳು ತಮ್ಮ ಹಿಂಡಿನ ಒಂದೊಂದರ ಮುಖವನ್ನೂ ಗುರುತು ಹಿಡಿಯುತ್ತವೆ. ಬೆಳಕು ಹರಿದ ಕೂಡಲೇ ಹೊಸದು ಕಣ್ಣಿಗೆ ಬೀಳುತ್ತದೆ. ಆಗ ಗೂಡಿನ ಬಾಗಿಲು ಮುಚ್ಚಿರುತ್ತದೆ, ನೀವು ಎದ್ದಿರುವುದಿಲ್ಲ, ಬ್ಯಾಂಟಮ್‌ಗೆ ಓಡಲು ಜಾಗ ಇರುವುದಿಲ್ಲ.

ಮೊದಲ ಕೆಲಸ, ಹೊಸ ಕೋಳಿಗಳನ್ನು 30 ದಿನ ಬೇರೆಯೇ ಇಡುವುದು. ಗಾಳಿ, ನೀರು, ಪಾತ್ರೆ ಯಾವುದೂ ಹಳೆಯ ಹಿಂಡಿನ ಜೊತೆ ಹಂಚಿಕೆಯಾಗಬಾರದು. ದಿನವೂ ಹಳೆಯವುಗಳ ಕೆಲಸ ಮುಗಿಸಿಕೊಂಡೇ ಹೊಸವುಗಳ ಬಳಿ ಹೋಗಿ. ಸೀನು, ಕಣ್ಣಲ್ಲಿ ನೊರೆ, ಗುದದ ಸುತ್ತ ಹೇನು, ಕಾಲಿನ ಹುರುಪೆ ಎದ್ದಿರುವುದು, ಇವನ್ನೆಲ್ಲ ಈ ಅವಧಿಯಲ್ಲಿ ಗಮನಿಸಿ.

ಆಮೇಲೆ ಹಳೆಯವುಗಳ ಬೇಲಿಯೊಳಗೇ ಜಾಲರಿ ಕಟ್ಟಿ ಒಂದು ಪಾಲು ಮಾಡಿ ಹೊಸವನ್ನು ಅಲ್ಲಿ ಬಿಡಿ. ನೋಡಬಹುದು, ಮುಟ್ಟಲಾಗದು. ಮೇವಿನ ತಟ್ಟೆಗಳನ್ನು ಜಾಲರಿಯ ಎರಡೂ ಬದಿಗೆ ಹತ್ತಿರ ಹತ್ತಿರ ಇಟ್ಟರೆ ಪಕ್ಕಪಕ್ಕದಲ್ಲೇ ತಿನ್ನುವುದು ರೂಢಿಯಾಗುತ್ತದೆ. ಜಾಲರಿಗೆ ಬಂದು ಕುಕ್ಕುವುದು ಪೂರ್ತಿ ನಿಲ್ಲುವ ತನಕ ಕಾಯಿರಿ. ಸಾಮಾನ್ಯವಾಗಿ 10ರಿಂದ 14 ದಿನ ಹಿಡಿಯುತ್ತದೆ. ಜಾಲರಿ ತೆಗೆಯುವ ದಿನ ಎಲ್ಲವನ್ನೂ ಹೊರಗೆ ವಿಶಾಲ ಜಾಗದಲ್ಲಿ ಬಿಟ್ಟು, ಸೊಪ್ಪನ್ನು ನಾಲ್ಕೈದು ಕಡೆ ಹರಡಿ, ಒಂದು ಗಂಟೆಯಾದರೂ ಅಲ್ಲೇ ನಿಂತಿರಿ.

ಬ್ಯಾಂಟಮ್ ಅನ್ನು ಒಂಟಿಯಾಗಿ ಎಂದೂ ಸೇರಿಸಬೇಡಿ. ಎರಡು ಮೂರು ಇದ್ದರೆ ಏಟು ಹಂಚಿಹೋಗುತ್ತದೆ, ಜೊತೆಗೆ ಒಂದಕ್ಕೊಂದು ಆಸರೆ. ಕುತ್ತಿಗೆ ಎತ್ತಿ ನಿಲ್ಲುವುದು, ಒಂದೆರಡು ಕುಕ್ಕು, ಸ್ವಲ್ಪ ದೂರ ಅಟ್ಟುವುದು ನಡೆಯಲಿ, ಮಧ್ಯೆ ಹೋಗಬೇಡಿ. ರಕ್ತ ಕಂಡರೆ ಮಾತ್ರ ಆ ಕೋಳಿಯನ್ನು ತಕ್ಷಣ ಎತ್ತಿಕೊಳ್ಳಿ, ಕೆಂಪು ಬಣ್ಣ ಇಡೀ ಹಿಂಡನ್ನು ಕುಕ್ಕಲು ಕರೆಯುತ್ತದೆ. ಬಿಡದೆ ಕಾಡುವ ಒಂದು ದೊಡ್ಡ ಕೋಳಿ ಇದ್ದರೆ ಬ್ಯಾಂಟಮ್ ಅನ್ನಲ್ಲ, ಆ ದೊಡ್ಡದನ್ನೇ 3ರಿಂದ 5 ದಿನ ಹಿಂಡಿನ ಕಣ್ಣಿಗೆ ಬೀಳದಂತೆ ಬೇರೆ ಇಡಿ. ಮರಳಿ ಬಂದಾಗ ಅದರ ಹಳೆಯ ಸ್ಥಾನ ಹೋಗಿರುತ್ತದೆ, ಅದೇ ಹೊಸಬನಂತೆ ತಗ್ಗಿ ನಡೆಯಬೇಕಾಗುತ್ತದೆ.

ಪ್ರಶ್ನೆ: ಜಗಳ ಏನೂ ಇಲ್ಲ. ಆದರೂ ಬ್ಯಾಂಟಮ್‌ಗಳು ಸೊರಗುತ್ತಿವೆ, ಮೊಟ್ಟೆಯೂ ನಿಂತಿದೆ. ಮೇವು ಧಾರಾಳವಾಗಿ ಹಾಕುತ್ತೇವೆ.

ಉತ್ತರ: ಮೇವು ಎಷ್ಟು ಹಾಕಿದಿರಿ ಎಂಬುದಕ್ಕಿಂತ ಬ್ಯಾಂಟಮ್‌ನ ಹೊಟ್ಟೆಗೆ ಎಷ್ಟು ಹೋಯಿತು ಎಂಬುದನ್ನು ನೋಡಬೇಕು. ಪರೀಕ್ಷೆ ಸುಲಭ. ಸಂಜೆ ಗೂಡು ಸೇರಿದ ಮೇಲೆ ಬ್ಯಾಂಟಮ್ ಅನ್ನು ಕೈಗೆತ್ತಿಕೊಂಡು, ಕುತ್ತಿಗೆಯ ಬುಡದಲ್ಲಿ ಎದೆಯ ಬಲಭಾಗಕ್ಕೆ ಬೆರಳಿಟ್ಟು ನೋಡಿ. ಹೊಟ್ಟೆ ತುಂಬ ತಿಂದ ಕೋಳಿಯಲ್ಲಿ ಅಲ್ಲಿ ಮೇವಿನ ಚೀಲ ಉಬ್ಬಿ ಗಟ್ಟಿಯಾಗಿ ಸಿಗುತ್ತದೆ. ಸಪ್ಪಗೆ ಖಾಲಿಯಾಗಿದ್ದರೆ ಅದು ಉಪವಾಸ ಮಲಗಿದೆ ಎಂದರ್ಥ. ಹಾಗೆಯೇ ಎದೆಮೂಳೆಯ ಮೇಲೆ ಬೆರಳಾಡಿಸಿ. ಮೂಳೆಯ ಅಂಚು ಚಾಕುವಿನ ಹಾಗೆ ಚೂಪಾಗಿ, ಎರಡೂ ಬದಿ ಗುಳಿ ಬಿದ್ದಿದ್ದರೆ ಸೊರಗುವಿಕೆ ವಾರಗಳಷ್ಟು ಹಳೆಯದು. ಮೇವಿನ ಚೀಲ ತುಂಬಿದ್ದೂ ಸೊರಗಿದ್ದರೆ ಮಾತ್ರ ಜಂತುಹುಳು, ಹೇನು, ರೋಗಗಳ ಕಡೆ ಹುಡುಕಿ.

ದೊಡ್ಡ ಹೇಂಟೆ ದಿನಕ್ಕೆ 110ರಿಂದ 130 ಗ್ರಾಂ ತಿನ್ನುತ್ತದೆ, ಬ್ಯಾಂಟಮ್‌ಗೆ 50–60 ಗ್ರಾಂ ಸಾಕು. ಇಷ್ಟು ಕಡಿಮೆಯೂ ಸಿಗದಿರಲು ಕಾರಣ ಎರಡು. ಒಂದು, ತಟ್ಟೆಯ ಎತ್ತರ. ತಟ್ಟೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಬೇಕು ಎಂಬ ನಿಯಮವನ್ನು ದೊಡ್ಡ ಕೋಳಿಗೆ ಹೊಂದಿಸಿದರೆ ಬ್ಯಾಂಟಮ್‌ಗೆ ಕೊಕ್ಕು ತಲುಪುವುದಿಲ್ಲ. ಎರಡು, ಕಾವಲು. ಮೇಲಿನ ಸ್ಥಾನದ ಕೋಳಿ ಕುಕ್ಕಬೇಕೆಂದಿಲ್ಲ, ತಟ್ಟೆಯ ಪಕ್ಕ ನಿಂತು ದಿಟ್ಟಿಸಿದರೆ ಸಾಕು, ಬ್ಯಾಂಟಮ್ ಹಿಂದೆ ಸರಿಯುತ್ತದೆ. ನಿಮ್ಮ ಕಣ್ಣಿಗೆ ಜಗಳ ಕಾಣದಿರುವುದು ಇದಕ್ಕೇ.

ಪರಿಹಾರವಾಗಿ ಕನಿಷ್ಠ ಎರಡು ಕಡೆ ಮೇವು, ಎರಡು ಕಡೆ ನೀರು ಇಡಿ. ಒಂದರ ಬಳಿ ನಿಂತರೆ ಇನ್ನೊಂದು ಕಾಣಬಾರದು. ಬ್ಯಾಂಟಮ್‌ಗೆ ಮಾತ್ರ ತಲುಪುವ ಮೇವಿನ ಪೆಟ್ಟಿಗೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. 60 ಸೆಂ.ಮೀ. ಉದ್ದ, ಅಷ್ಟೇ ಅಗಲ, 40 ಸೆಂ.ಮೀ. ಎತ್ತರದ ಮರದ ಚೌಕಟ್ಟಿಗೆ ಮೇಲೆ ಹಲಗೆ ಹೊದಿಸಿ, ನಾಲ್ಕೂ ಬದಿಗೆ 10 ಸೆಂ.ಮೀ. ಸಂದು ಬಿಟ್ಟು ನೇರ ಪಟ್ಟಿಗಳನ್ನು ಹೊಡೆಯಿರಿ. ಮೇವು ನಟ್ಟನಡುವೆ ಇರಲಿ, ಅಂಚಿನಲ್ಲಿಟ್ಟರೆ ದೊಡ್ಡವು ಹೊರಗಿನಿಂದಲೇ ಕುತ್ತಿಗೆ ಚಾಚಿ ಮುಗಿಸುತ್ತವೆ. ಲೆಗ್‌ಹಾರ್ನ್‌ನಂತಹ ತೆಳು ಮೈಯ ದೊಡ್ಡ ಕೋಳಿ ನುಸುಳುವುದು ಕಂಡರೆ ಸಂದನ್ನು ಒಂದು ಸೆಂ.ಮೀ. ಕಿರಿದು ಮಾಡಿ. ಪಟ್ಟಿಯನ್ನು ಮೊಳೆಗೆ ಬದಲು ಸ್ಕ್ರೂ ಹಾಕಿ ಕೂರಿಸಿದ್ದರೆ ಈ ಕೆಲಸ ಹಗುರ.

ಮೇವು ಯಾವುದು ಎಂಬುದಕ್ಕೂ ಒಂದು ಮಾತು. ಮೊಟ್ಟೆಯಿಡುವ ಕೋಳಿಗಳಿಗೆಂದು ಮಾಡಿದ ಲೇಯರ್ ಮೇವಿನಲ್ಲಿ ಕ್ಯಾಲ್ಸಿಯಂ 3.5ರಿಂದ 4 ಶೇಕಡಾ ಇರುತ್ತದೆ. ಮೊಟ್ಟೆಯಿಡದ ಮರಿಗಳಿಗೆ ಅದನ್ನೇ ಹಾಕುತ್ತಿದ್ದರೆ ಮೂತ್ರಪಿಂಡ ಕೆಡುತ್ತದೆ. ಹುಂಜಕ್ಕೂ ಅಷ್ಟು ಬೇಕಿಲ್ಲ. ಎಲ್ಲ ವಯಸ್ಸಿನವೂ ಕೂಡಿರುವ ಹಿಂಡಿಗೆ 16ರಿಂದ 18 ಶೇಕಡಾ ಪ್ರೋಟೀನ್ ಇರುವ ಗ್ರೋಯರ್ (ಬೆಳೆಯುವ ಕೋಳಿಗಳ) ಮೇವು ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ತಿನ್ನುತ್ತದೆ. ಗುಳಿಗೆಯ ಮೇವಿಗಿಂತ ನುಚ್ಚಿನ ರೂಪದ್ದು ಬ್ಯಾಂಟಮ್‌ನ ಕೊಕ್ಕಿಗೆ ಹೊಂದುತ್ತದೆ. ಜೋಳ, ಕಾಳಿನ ವಿಷಯದಲ್ಲಿ ಕೈ ಬಿಗಿಯಿರಲಿ. ದಿನದ ಮೇವಿನ ಹತ್ತನೇ ಒಂದು ಪಾಲು ಎಂದರೆ ಬ್ಯಾಂಟಮ್‌ಗೆ 5 ಗ್ರಾಂ, ಸುಮಾರು ಒಂದು ಟೀ ಚಮಚ. ದೊಡ್ಡ ಕೋಳಿಗೆ ಹಾಕುವ ಹಿಡಿಯನ್ನೇ ಇದಕ್ಕೂ ಹಾಕಿದರೆ ಕೊಬ್ಬು ಬೆಳೆದು ಮೊಟ್ಟೆ ನಿಲ್ಲುತ್ತದೆ.

ಪ್ರಶ್ನೆ: ಬ್ರಹ್ಮ ಹುಂಜವೊಂದು ಬ್ಯಾಂಟಮ್ ಹೇಂಟೆಗಳ ಮೇಲೂ ಏರುತ್ತಿದೆ. ಒಂದರ ಬೆನ್ನು ಬೋಳಾಗಿದೆ. ದೊಡ್ಡ ಹುಂಜ ಕೂಡಿದರೆ ಮೊಟ್ಟೆ ದೊಡ್ಡದಾಗಿ ಬ್ಯಾಂಟಮ್‌ನ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ಹೆದರಿಸಿದ್ದಾರೆ. ಮುಂದೆ ಶುದ್ಧ ಬ್ಯಾಂಟಮ್ ಮರಿ ಮಾಡಿಸುವ ಆಸೆಯೂ ಇದೆ.

ಉತ್ತರ: ಮೊಟ್ಟೆಯ ಹೆದರಿಕೆ ಬಿಡಿ. ಮೊಟ್ಟೆಯ ಗಾತ್ರವನ್ನು ತೀರ್ಮಾನಿಸುವುದು ಹೇಂಟೆಯ ದೇಹ, ಹುಂಜವಲ್ಲ. ಹುಂಜವೇ ಇಲ್ಲದಿದ್ದರೂ ಅದು ಅದೇ ಗಾತ್ರದ ಮೊಟ್ಟೆ ಇಡುತ್ತದೆ. ಹುಟ್ಟುವ ಮರಿಯೂ ಮೊಟ್ಟೆಗೆ ತಕ್ಕಂತೆಯೇ ಇರುತ್ತದೆ, ತೂಕದಲ್ಲಿ ಮೊಟ್ಟೆಯ ಮೂರನೇ ಎರಡರಷ್ಟು. ತಂದೆಯ ಗಾತ್ರ ಕಾಣುವುದು ಮರಿ ಬೆಳೆಯುವಾಗ.

ನಿಜವಾದ ಹೆದರಿಕೆ ಹುಂಜದ ತೂಕದ್ದು. 5 ಕಿಲೋ ಆಸುಪಾಸಿನ ಹುಂಜ 700 ಗ್ರಾಂ ಹೇಂಟೆಯ ಮೇಲೆ ನಿಂತಾಗ ಸೊಂಟ, ಕಾಲು ಉಳುಕಬಹುದು, ಮುರಿಯಬಹುದು. ಬೆನ್ನಿನ ಬೋಳನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಹುಂಜ ಹಿಡಿತಕ್ಕಾಗಿ ಉಗುರು ಊರುವುದು ರೆಕ್ಕೆಯ ಕೆಳಗಿನ ಪಕ್ಕೆಯಲ್ಲಿ. ಹೇಂಟೆಯನ್ನು ಎತ್ತಿಕೊಂಡು ಎರಡೂ ರೆಕ್ಕೆ ಬಿಡಿಸಿ, ಪುಕ್ಕವನ್ನು ಎದುರು ದಿಕ್ಕಿಗೆ ಊದಿ ನೋಡಿ. ಚರ್ಮ ಸೀಳಿ ಉದ್ದ ಗಾಯವಾಗಿದ್ದರೂ ಮೇಲಿನಿಂದ ಪುಕ್ಕ ಮುಚ್ಚಿಕೊಂಡಿರುತ್ತದೆ, ನೊಣ ಕೂತು ಹುಳುವಾದ ಮೇಲೆಯೇ ಬಹಳ ಮಂದಿಗೆ ಗೊತ್ತಾಗುವುದು. ಹೊಸ ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ, ಪುಕ್ಕ ಬರುವ ತನಕ ಬೇರೆ ಇಡಿ. ಚರ್ಮ ಬಾಯಿ ಬಿಟ್ಟಿದ್ದರೆ ಹೊಲಿಗೆಗೆ ಪಶುವೈದ್ಯರ ಬಳಿಗೆ ಒಯ್ಯಿರಿ.

ಹೇಂಟೆಯ ಬೆನ್ನಿಗೆ ಕಟ್ಟುವ ಬಟ್ಟೆಯ ಹೊದಿಕೆ ಪರಚು ತಪ್ಪಿಸುತ್ತದೆಯೇ ಹೊರತು ಭಾರ ಇಳಿಸುವುದಿಲ್ಲ. ಹುಂಜದ ಕಾಲಿನ ಮುಳ್ಳಿನ ಮೊನೆ ಉಜ್ಜಿ ಮೊಂಡು ಮಾಡುವುದೂ ಅಷ್ಟೇ. ಅದೂ ತುದಿಯನ್ನು ಮಾತ್ರ, ಒಳಗೆ ರಕ್ತ ಹರಿಯುವ ಜೀವಂತ ಭಾಗ ಇದೆ. ಬ್ಯಾಂಟಮ್ ಹೇಂಟೆಗಳ ನಡುವೆ ಭಾರೀ ಹುಂಜ ಇರಬಾರದು, ಇದರಲ್ಲಿ ರಾಜಿ ಇಲ್ಲ. ಬ್ರಹ್ಮ ಹುಂಜ ಬೇಕೇ ಬೇಕೆಂದರೆ ಬ್ಯಾಂಟಮ್‌ಗಳಿಗೆ ಜಾಲರಿಯ ಬೇಲಿ, ಬೇರೆ ಗೂಡು ಮಾಡಿ.

ಮಿಶ್ರ ಹಿಂಡಿಗೆ ಹುಂಜ ಒಂದೇ ಸಾಕೆನ್ನುವವರು ಬ್ಯಾಂಟಮ್ ಹುಂಜವನ್ನೇ ಇಟ್ಟುಕೊಳ್ಳುವುದು ವಾಸಿ. ದೊಡ್ಡ ಹೇಂಟೆಗೆ ಅದರಿಂದ ಗಾಯವಾಗುವುದಿಲ್ಲ. ಫಲ ಮಾತ್ರ ಕಡಿಮೆ, ಏಕೆಂದರೆ ಕುತ್ತಿಗೆಯ ಪುಕ್ಕ ಕಚ್ಚಿ ಹಿಡಿದ ಚಿಕ್ಕ ಹುಂಜಕ್ಕೆ ಹಿಂಭಾಗ ತಲುಪುವುದಿಲ್ಲ. ಹಾಗೆಂದು ಪೂರ್ತಿ ಇಲ್ಲವೆಂದಲ್ಲ, ಕೆಲವು ಸಾಧಿಸಿಬಿಡುತ್ತವೆ. ಎರಡು ಗಾತ್ರದ ಎರಡು ಹುಂಜಗಳನ್ನು ಒಂದೇ ಬೇಲಿಯಲ್ಲಿ ಬಿಡುವುದು ಬೇಡ. ಬ್ಯಾಂಟಮ್ ಹುಂಜ ಎದುರಾಳಿಯ ಗಾತ್ರ ನೋಡಿ ಹಿಂಜರಿಯುವ ಜಾತಿಯಲ್ಲ, ತಾನೇ ಮೇಲೆ ಬಿದ್ದು ಪ್ರಾಣ ಕಳೆದುಕೊಳ್ಳುತ್ತದೆ.

ಶುದ್ಧ ಮರಿ ಬೇಕಾದರೆ ಬ್ಯಾಂಟಮ್ ಹೇಂಟೆಗಳನ್ನು ಬ್ರಹ್ಮ ಹುಂಜದಿಂದ ಬೇರ್ಪಡಿಸಿ ಪೂರ್ತಿ 3 ವಾರ ಕಳೆಯಲಿ. ಹಳೆಯ ಹುಂಜದ ವೀರ್ಯ ಹೇಂಟೆಯ ಒಳಗೆ ಅಷ್ಟು ದಿನ ಜೀವಂತ ಉಳಿಯಬಲ್ಲದು. ಆಮೇಲೆ ಇಟ್ಟ ಮೊಟ್ಟೆಗಳನ್ನಷ್ಟೇ ಕಾವಿಗೆ ತೆಗೆದಿಡಿ.

ಪ್ರಶ್ನೆ: ಬ್ಯಾಂಟಮ್‌ಗಳು ಎತ್ತರದ ಕೋಲಿಗೇ ಹಾರಿ ಕೂರುತ್ತವೆ, ಕೆಳಗಿನವುಗಳ ಮೇಲೆ ಹಿಕ್ಕೆ ಬೀಳುತ್ತದೆ. ಎಲ್ಲಕ್ಕೂ ಒಂದೇ ಮಟ್ಟದ ಕೋಲು ಹಾಕಲೇ?

ಉತ್ತರ: ಬೇಡ. ಎತ್ತರ ಬ್ಯಾಂಟಮ್‌ಗಿರುವ ಆಸರೆ, ಅದನ್ನು ಕಿತ್ತುಕೊಳ್ಳಬಾರದು. ಒಂದರ ನೇರ ಮೇಲೆ ಇನ್ನೊಂದು ಇರದಂತೆ ಮೆಟ್ಟಿಲಿನ ಹಾಗೆ ಜರುಗಿಸಿ, ನಡುವೆ ಅಡ್ಡಡ್ಡಲಾಗಿ 30–40 ಸೆಂ.ಮೀ. ಅಂತರ ಬಿಡಿ. ಭಾರೀ ತಳಿಗೆ ನೆಲದಿಂದ 45ರಿಂದ 60 ಸೆಂ.ಮೀ. ಎತ್ತರ ಸಾಕು, ಅದಕ್ಕಿಂತ ಮೇಲಿಂದ ದಿನವೂ ಧುಮುಕಿದರೆ ಪಾದದ ಅಡಿ ಒಡೆದು ಬಾವು ಕಟ್ಟುತ್ತದೆ. ಅದಕ್ಕೆ 5 ಸೆಂ.ಮೀ. ಅಗಲದ, ಅಂಚು ಉಜ್ಜಿದ ಪಟ್ಟಿ, ಒಂದೊಂದು ಕೋಳಿಗೆ 25–30 ಸೆಂ.ಮೀ. ಜಾಗ. ಬ್ಯಾಂಟಮ್‌ಗೆ 1 ಮೀಟರ್ ಎತ್ತರದಲ್ಲಿ 3–4 ಸೆಂ.ಮೀ. ಅಗಲದ ಕೋಲು, ಒಂದೊಂದಕ್ಕೆ 15–20 ಸೆಂ.ಮೀ. ಪೆಕಿನ್, ಸಿಲ್ಕಿ ಹಾರಲಾರವು. ಅವಕ್ಕೆ ಇಳಿಜಾರು ಹಲಗೆ ಹಾಕಿ, ಇಲ್ಲವೇ ನೆಲದ ಮೂಲೆಯಲ್ಲಿ ಒಣ ಹೊಟ್ಟಿನ ಪೆಟ್ಟಿಗೆ ಇಡಿ.

ಪ್ರಶ್ನೆ: ಕಾವಿಗೆ ಕೂತ ಬ್ಯಾಂಟಮ್ ಕೆಳಗೆ ದೊಡ್ಡ ಕೋಳಿಯ ಮೊಟ್ಟೆ ಎಷ್ಟಿಡಬಹುದು? ಅದರದೇ ಮೊಟ್ಟೆಗಳನ್ನೂ ಬೆರೆಸಬಹುದೇ?

ಉತ್ತರ: ದೊಡ್ಡ ಮೊಟ್ಟೆಯಾದರೆ 4ರಿಂದ 6, ಅದರದೇ ಆದರೆ 8ರಿಂದ 10. ಇಟ್ಟ ಮೇಲೆ ಸಂಜೆ ನೆಲಕ್ಕೆ ಬಗ್ಗಿ ಪಕ್ಕದಿಂದ ನೋಡಿ. ಪುಕ್ಕದ ಆಚೆ ಒಂದು ಮೊಟ್ಟೆಯ ಅಂಚು ಕಂಡರೂ ಒಂದು ತೆಗೆಯಿರಿ. ಹೇಂಟೆ ದಿನಕ್ಕೆ ಹಲವು ಸಲ ಮೊಟ್ಟೆಗಳನ್ನು ಒಳಗೂ ಹೊರಗೂ ಸರಿಸುತ್ತಿರುತ್ತದೆ. ಹಾಗಾಗಿ ಹೆಚ್ಚಾದ ಒಂದು ಮೊಟ್ಟೆಯಿಂದ ಕೆಡುವುದು ಅದೊಂದೇ ಅಲ್ಲ, ಸರದಿಯಂತೆ ಎಲ್ಲವೂ ತಣ್ಣಗಾಗುತ್ತವೆ.

ಬೆರೆಸಬಹುದು, ಆದರೆ ದಿನ ಹೊಂದಿಸಬೇಕು. ದೊಡ್ಡ ಮೊಟ್ಟೆ ಒಡೆಯಲು 21 ದಿನ, ಬ್ಯಾಂಟಮ್ ಮೊಟ್ಟೆ ಅನೇಕ ಸಲ 19–20ನೇ ದಿನಕ್ಕೇ ಒಡೆಯುತ್ತದೆ. ಮೊದಲ ಮರಿಗಳು ಓಡಾಡತೊಡಗಿದರೆ ತಾಯಿ ಉಳಿದ ಮೊಟ್ಟೆ ಬಿಟ್ಟು ಎದ್ದುಬಿಡುತ್ತದೆ, ಒಳಗಿನ ಪೂರ್ತಿ ಬೆಳೆದ ಮರಿಗಳು ಸಾಯುತ್ತವೆ. ಬ್ಯಾಂಟಮ್ ಮೊಟ್ಟೆಗಳನ್ನು ಒಂದು ದಿನ ತಡವಾಗಿ ಇಡಿ. ಕಾವಿನ ಗೂಡು ಎಲ್ಲ ಕೋಳಿ ಮೊಟ್ಟೆಯಿಡುವ ಪೆಟ್ಟಿಗೆಗಳ ಸಾಲಿನಲ್ಲಿ ಇರಬಾರದು. ದೊಡ್ಡ ಹೇಂಟೆ ಬ್ಯಾಂಟಮ್ ಅನ್ನು ತಳ್ಳಿ ಮೇಲೆ ಹತ್ತಿ ಕೂತರೆ ಮೊಟ್ಟೆ ಒಡೆಯುತ್ತದೆ, ಹೊಸ ಮೊಟ್ಟೆ ಸೇರಿ ದಿನದ ಲೆಕ್ಕವೂ ತಪ್ಪುತ್ತದೆ. ಮೊದಲ ದಿನವೇ ಎಲ್ಲ ಮೊಟ್ಟೆಗೂ ಪೆನ್ಸಿಲ್‌ನಿಂದ ಗುರುತು ಹಾಕಿ.

ದೊಡ್ಡ ತಳಿಯ ಮರಿಗಳು ಮೂರು ನಾಲ್ಕು ವಾರಕ್ಕೆ ತಾಯಿಯ ರೆಕ್ಕೆಯೊಳಗೆ ಹಿಡಿಸುವುದಿಲ್ಲ. ಆ ಹೊತ್ತಿಗೆ ಚಳಿ ಇದ್ದರೆ ಮರಿಗಳನ್ನು ಬೆಚ್ಚಗಿಡುವ ಬ್ರೂಡರ್ ದೀಪ ಸಿದ್ಧವಿರಲಿ. ತಾಯಿಯಿಲ್ಲದೆ ಬೆಳೆಸುವವರು ಎರಡು ಬಗೆಯ ಮರಿಗಳನ್ನು ಮೊದಲ 3–4 ವಾರ ಬೇರೆ ಬೇರೆ ಬ್ರೂಡರ್‌ನಲ್ಲಿಡಿ; ದೀಪದಡಿ ಒತ್ತೊತ್ತಾಗಿ ಮಲಗಿದಾಗ ಬ್ಯಾಂಟಮ್ ಮರಿ ಅಡಿಗೆ ಸಿಕ್ಕಿ ಉಸಿರುಗಟ್ಟುತ್ತದೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿಸಿಡಿ, ಒಂದು ಸೆಂ.ಮೀ. ನೀರಿನಲ್ಲೂ ಮರಿಗಳು ಮುಳುಗುತ್ತವೆ.

ಪ್ರಶ್ನೆ: ಸಿಲ್ಕಿ ಮತ್ತು ಪೋಲಿಷ್ ಬ್ಯಾಂಟಮ್ ಕೂಡ ಇದೇ ರೀತಿ ಬೆರೆಸಬಹುದೇ?

ಉತ್ತರ: ಇವೆರಡನ್ನು ದೊಡ್ಡ ಕೋಳಿಗಳ ಜೊತೆ ಬಿಡಬೇಡಿ. ತಲೆಯ ಮೇಲಿನ ಪುಕ್ಕದ ಕುಚ್ಚು ಕಣ್ಣಿಗೆ ಅಡ್ಡ ಬರುವುದರಿಂದ ಬರುತ್ತಿರುವ ಕೊಕ್ಕು ಇವಕ್ಕೆ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ಪೋಲಿಷ್ ಕೋಳಿಗೂ ಅನೇಕ ಸಿಲ್ಕಿಗಳಿಗೂ ತಲೆಬುರುಡೆ ಗುಮ್ಮಟದಂತೆ ಉಬ್ಬಿದ್ದು, ಅಲ್ಲಿ ಮೂಳೆ ಪೂರ್ತಿ ಕೂಡಿರುವುದಿಲ್ಲ. ಬೇರೆ ಕೋಳಿಗೆ ಲೆಕ್ಕಕ್ಕಿಲ್ಲದ ಒಂದು ಕುಕ್ಕು ಇವುಗಳ ಮೆದುಳಿಗೇ ತಾಗಬಹುದು. ಕುತ್ತಿಗೆ ತಿರುಚಿ ಆಕಾಶ ನೋಡುತ್ತ ನಿಂತರೆ ಕೂಡಲೇ ವೈದ್ಯರಿಗೆ ತೋರಿಸಿ. ಸಿಲ್ಕಿ, ಸೆಬ್ರೈಟ್ ಎರಡಕ್ಕೂ ಮಾರೆಕ್ಸ್ ಎಂಬ ವೈರಸ್ ರೋಗ ಬೇಗ ತಗಲುತ್ತದೆ. ಹುಟ್ಟಿದ ದಿನವೇ ಲಸಿಕೆ ಹಾಕಿಸಿದ ಮರಿಗಳನ್ನೇ ಕೇಳಿ ಪಡೆಯಿರಿ, ಬೆಳೆದ ಮೇಲೆ ಹಾಕಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ಜಂತುಹುಳುವಿನ ಔಷಧಿಯನ್ನು ನೀರಲ್ಲಿ ಬೆರೆಸಿ ಎಲ್ಲಕ್ಕೂ ಕೊಟ್ಟರೆ ಬ್ಯಾಂಟಮ್‌ಗೆ ಹೆಚ್ಚಾಗುವುದಿಲ್ಲವೇ? ಪೆಕಿನ್ ಕಾಲಿನ ಹುರುಪೆಯೂ ಎದ್ದಿದೆ.

ಉತ್ತರ: ನೀರಲ್ಲಿ ಬೆರೆಸಿದ್ದು ಕುಡಿದಷ್ಟೇ ಒಳಗೆ ಹೋಗುತ್ತದೆ, ಕಡಿಮೆ ತೂಕದ ಕೋಳಿ ಕಡಿಮೆ ಕುಡಿಯುವುದರಿಂದ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ತಪ್ಪಾಗುವುದು ಬಾಯಿಗೆ ಹನಿ ಹಾಕುವಾಗ. ವೈದ್ಯರು ಕಿಲೋಗೆ 1 ಮಿ.ಲೀ. ಎಂದು ಹೇಳಿದ್ದರೆ 3 ಕಿಲೋ ಹೇಂಟೆಗೆ 3 ಮಿ.ಲೀ., 600 ಗ್ರಾಂ ಬ್ಯಾಂಟಮ್‌ಗೆ 0.6 ಮಿ.ಲೀ. ಕಣ್ಣಂದಾಜು ಬೇಡ. ಪೆಕಿನ್ ಮೈತುಂಬ ಪುಕ್ಕವಿದ್ದು ಇರುವುದಕ್ಕಿಂತ ಬಹಳ ದಪ್ಪ ಕಾಣುತ್ತದೆ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, 1 ಮಿ.ಲೀ. ಸಿರಿಂಜ್‌ನಲ್ಲಿ ಅಳೆಯಿರಿ. ಲಸಿಕೆಗೆ ಈ ಲೆಕ್ಕವಿಲ್ಲ, ಗಾತ್ರ ಯಾವುದಾದರೂ ಒಂದು ಡೋಸ್ ಒಂದೇ.

ಕಾಲಿನ ಹುರುಪೆ ಎದ್ದು ಬೂದಿ ಬಣ್ಣದ ಹೊಪ್ಪಳೆ ಕಟ್ಟಿದ್ದರೆ ಅದು ಚರ್ಮದಡಿ ಕೊರೆಯುವ ನುಸಿ. ಕಾಲಿಗೆ ಪುಕ್ಕವಿರುವ ತಳಿಯಲ್ಲಿ ಅದು ಮುಚ್ಚಿಹೋಗಿ ತಡವಾಗಿ ಗೊತ್ತಾಗುತ್ತದೆ. ಬೆಚ್ಚಗಿನ ಸೋಪುನೀರಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಮೆತ್ತಗಿನ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒರೆಸಿ, ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಬಳಿಯಿರಿ. ನುಸಿಗೆ ಉಸಿರು ಕಟ್ಟಬೇಕು, ಅದಕ್ಕೇ ದಪ್ಪಗೆ. ವಾರಕ್ಕೊಮ್ಮೆಯಂತೆ ಕನಿಷ್ಠ ನಾಲ್ಕು ಸಲ ಮಾಡಿ. ಹೊಪ್ಪಳೆ ಕೀಳಬೇಡಿ, ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತದೆ. ಒಂದೇ ಕೋಲಿನ ಮೇಲೆ ಕೂರುವ ಎಲ್ಲ ಕೋಳಿಗಳ ಕಾಲನ್ನೂ ಅದೇ ದಿನ ನೋಡಿ, ಕೋಲನ್ನೂ ತೊಳೆಯಿರಿ.

ಪ್ರಶ್ನೆ: ಬೇಲಿ ಎರಡು ಮೀಟರ್ ಇದ್ದರೂ ಡಚ್ ಬ್ಯಾಂಟಮ್‌ಗಳು ಹಾರಿ ಹೋಗುತ್ತವೆ. ರೆಕ್ಕೆ ಕತ್ತರಿಸಲೇ?

ಉತ್ತರ: ಬರೀ ಬ್ಯಾಂಟಮ್‌ಗಳ ಹಿಂಡಾಗಿದ್ದರೆ ಒಂದು ರೆಕ್ಕೆಯ ತುದಿಯ ಹತ್ತು ಉದ್ದ ಗರಿಗಳನ್ನು ಕತ್ತರಿಸಬಹುದಿತ್ತು. ಮಿಶ್ರ ಹಿಂಡಿನಲ್ಲಿ ಹಾರಾಟವೇ ಅವುಗಳ ರಕ್ಷಣೆ. ಕತ್ತರಿಸಿದ ಮೇಲೆ ದೊಡ್ಡ ಕೋಳಿ ಅಟ್ಟಿದರೆ ಎತ್ತರಕ್ಕೆ ಏರಲಾರದು, ಎತ್ತರದ ಕೋಲೂ ಸಿಗದು. ಬೇಲಿಯ ಮೇಲೆ ಬಲೆ ಹೊದಿಸಿ. ಹದ್ದು, ಗಿಡುಗಕ್ಕೆ ಮೊದಲು ಸಿಗುವುದು ಹಿಂಡಿನ ಚಿಕ್ಕ ಕೋಳಿಯೇ ಆದ್ದರಿಂದ ಆ ಖರ್ಚು ಎರಡು ಕೆಲಸ ಮಾಡುತ್ತದೆ. ಬೇಲಿಯ ಬುಡಕ್ಕೆ ಅರ್ಧ ಮೀಟರ್ ಎತ್ತರಕ್ಕೆ 12 ಮಿ.ಮೀ. ಕಣ್ಣಿನ ಗಟ್ಟಿ ತಂತಿಜಾಲರಿ ಹಾಕಿ. ಸಾಧಾರಣ ಕೋಳಿಜಾಲರಿಯ ಕಣ್ಣಿನಲ್ಲಿ ಇಲಿ ನುಗ್ಗಿ ಬ್ಯಾಂಟಮ್ ಮರಿಗಳನ್ನು ಎಳೆದೊಯ್ಯುತ್ತದೆ.

ಪ್ರಶ್ನೆ: ಅಡುಗೆಗೆ ಒಂದು ದೊಡ್ಡ ಮೊಟ್ಟೆಗೆ ಎಷ್ಟು ಬ್ಯಾಂಟಮ್ ಮೊಟ್ಟೆ?

ಉತ್ತರ: ಬ್ಯಾಂಟಮ್ ಮೊಟ್ಟೆ 30–40 ಗ್ರಾಂ, ದೊಡ್ಡದು 55–65 ಗ್ರಾಂ. ಎರಡು ದೊಡ್ಡದಕ್ಕೆ ಮೂರು ಬ್ಯಾಂಟಮ್ ಎಂದು ಹಾಕಿ. ತಳಿ ತೀರಾ ಚಿಕ್ಕದಾದರೆ ಒಂದಕ್ಕೆ ಎರಡು ಬೇಕು. ಅವುಗಳಲ್ಲಿ ಗಾತ್ರಕ್ಕೆ ಹೋಲಿಸಿದರೆ ಹಳದಿ ಭಾಗ ಹೆಚ್ಚಿರುತ್ತದೆ, ಬಿಳಿಭಾಗವನ್ನೇ ನೊರೆ ಬರಿಸುವ ಅಡುಗೆಗೆ ಎಣಿಸುವ ಬದಲು ತೂಗಿಕೊಳ್ಳಿ.